ಸೈಜ್ ಒಂದೇ, ಟಯರ್ ಬೇರೆ: ಮೀನಿನ ಪಿಕಪ್‌ಗೆ ಟಯರ್ ಹಾಕಿಸಿದ ಮೂರು ವಾರ

ಮೇ 30ರ ರಾತ್ರಿ ನಮ್ಮ ಗಾಡಿಗೆ ಸೀಸನ್ನಿನ ಕೊನೆಯ ಟ್ರಿಪ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆ 61 ದಿನ ಮಲ್ಪೆಯಲ್ಲಿ ಬೋಟುಗಳೂ ಮಲಗುತ್ತವೆ, ನಮ್ಮಂಥವರ ಪಿಕಪ್‌ಗಳೂ ಮಲಗುತ್ತವೆ. ಕೊನೆಯ ಲೋಡಲ್ವಾ ಅಂತ ಬಂಗುಡೆ ಕ್ರೇಟುಗಳನ್ನು ಸ್ವಲ್ಪ ಜಾಸ್ತಿಯೇ ಏರಿಸಿದ್ದೆ. ತೀರ್ಥಹಳ್ಳಿಗೆ ಹೋಗಬೇಕಿತ್ತು. ಹಿರಿಯಡ್ಕ, ಹೆಬ್ರಿ ದಾಟಿ ಸೋಮೇಶ್ವರದಲ್ಲಿ ಚಾ ಕುಡಿಯಲು ಇಳಿದೆ. ಘಾಟಿ ಹತ್ತುವ ಮೊದಲು ಟಾರ್ಚ್ ಹಿಡಿದು ಗಾಡಿಗೆ ಒಂದು ಸುತ್ತು ಬರುವುದು ಅಪ್ಪನ ಕಾಲದ ಅಭ್ಯಾಸ. ಹಿಂದಿನ ಎಡಗಡೆ ಟಯರಿನ ಬದಿಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಉಬ್ಬು ಕಾಣಿಸಿತು.

ಮುಂದೆ ಆಗುಂಬೆ ಘಾಟಿ, 14 ಹೇರ್‌ಪಿನ್ ತಿರುವು. ಹಿಂದೆ ಕರಗುತ್ತಿರುವ ಐಸು. ಸ್ಟೆಪ್ನಿ ಹಾಕೋಣ ಅಂತ ಗಾಡಿಯಡಿ ನುಗ್ಗಿದರೆ ಅದನ್ನು ಕೆಳಗಿಳಿಸುವ ಚೈನು ತುಕ್ಕು ಹಿಡಿದು ಕಲ್ಲಾಗಿತ್ತು. ಮೀನಿನ ನೀರು, ಉಪ್ಪು ಎಲ್ಲ ಇಳಿಯುವುದು ಅಲ್ಲಿಗೇ. ಮೂರು ವರ್ಷದಿಂದ ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ಕೊನೆಗೆ ಹಿಂದೆ ಬರುತ್ತಿದ್ದ ಪರಿಚಯದ ಗಾಡಿಗೆ ಹನ್ನೆರಡು ಕ್ರೇಟು ದಾಟಿಸಿ, ಎರಡನೇ ಗೇರಿನಲ್ಲಿ ಘಾಟಿ ಹತ್ತಿದೆ. ಹತ್ತಬಾರದಿತ್ತು. ನೀವು ಯಾರೂ ಹಾಗೆ ಮಾಡಬೇಡಿ. ಉಬ್ಬು ಬಂದಿದೆ ಅಂದರೆ ಟಯರಿನ ಒಳಗಿನ ನೂಲು ಕಡಿದಿದೆ ಅಂತ ಅರ್ಥ. ಗಾಳಿಯನ್ನು ಹಿಡಿದಿಟ್ಟಿರುವುದು ಹೊರಗಿನ ತೆಳು ರಬ್ಬರು ಮಾತ್ರ. ಅದು ಯಾವಾಗ ಒಡೆಯುತ್ತದೆ ಅಂತ ಹೇಳಲಾಗುವುದಿಲ್ಲ. ಆ ರಾತ್ರಿ ಹಾಡು ಕೂಡ ಹಾಕಲಿಲ್ಲ. ಟಯರಿನ ಸದ್ದು ಕೇಳುತ್ತಾ ಕೂತಿದ್ದೆ.

ಊರಿಗೆ ಬಂದ ಮೇಲೆ ಗಾಡಿಯನ್ನು ನಮ್ಮ ಪಂಚರ್ ಅಂಗಡಿಯ ಕಾಕನಿಗೆ ತೋರಿಸಿದೆ. ಅವರು ನಾಲ್ಕೂ ಟಯರಿನ ಗೆರೆಯೊಳಗೆ ಬೆರಳಿಟ್ಟು ನೋಡಿ, "ಒಂದಲ್ಲ, ನಾಲ್ಕೂ ಹೋಗ್ಲಿಕ್ಕಾಗಿದೆ" ಅಂದರು. ಟಯರಿನ ಭುಜದ ಮೇಲೆ ಸಣ್ಣ ತ್ರಿಕೋನದ ಗುರುತು ಇರುತ್ತದೆ, ಕೆಲವದರಲ್ಲಿ ಟಿಡಬ್ಲ್ಯೂಐ ಅಂತ ಅಕ್ಷರ. ಅದರ ನೇರಕ್ಕೆ ಗೆರೆಯೊಳಗೆ ನೋಡಿದರೆ ರಬ್ಬರಿನ ಒಂದು ಸಣ್ಣ ದಿಬ್ಬ ಸಿಗುತ್ತದೆ. ಅದರ ಎತ್ತರ 1.6 ಮಿಲಿಮೀಟರ್. ಟಯರ್ ಅಲ್ಲಿಯವರೆಗೆ ಸವೆದರೆ ಕಾನೂನಿನ ಪ್ರಕಾರವೂ ಮುಗಿಯಿತು. ನನ್ನ ಹಿಂದಿನ ಎರಡು ಅದರ ಹತ್ತಿರ ಬಂದಿದ್ದವು. ಮುಂದಿನ ಎರಡು ವಿಚಿತ್ರ. ಹೊರ ಅಂಚು ಬೋಳು, ಒಳಗಡೆ ಗೆರೆ ಇನ್ನೂ ಚೆನ್ನಾಗಿತ್ತು. ಕಾಕ ಅದನ್ನು ನೋಡಿ ತಲೆ ಅಲ್ಲಾಡಿಸಿದರು, ಏನೂ ಹೇಳಲಿಲ್ಲ. ಆಗಲೇ ಕೇಳಬೇಕಿತ್ತು.

ಜುಲೈ ಮೊದಲ ವಾರ ಎಫ್‌ಸಿ ಬೇರೆ ಇತ್ತು, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟಿಗೆ ತಪಾಸಣೆ. ಎಂಟು ವರ್ಷದವರೆಗೆ ಸರಕಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ವರ್ಷಕ್ಕೊಮ್ಮೆ. ನನ್ನದಕ್ಕೆ ಇದು ಎಂಟನೇ ವರ್ಷ. ಬೋಳು ಟಯರಿನಲ್ಲಿ ಹೋದರೆ ತಿರುಗಿ ಕಳಿಸುತ್ತಾರೆ. ಹಾಗಾಗಿ ಟಯರ್ ಕೆಲಸವನ್ನು ಮುಂದೆ ಹಾಕುವಂತಿರಲಿಲ್ಲ.

ಮೊದಲು ಆಸೆ ಪಟ್ಟದ್ದು ಕ್ಲೈಮಿಗೆ. ಉಬ್ಬಿದ ಟಯರಿಗೆ ಎರಡೂವರೆ ವರ್ಷ ಆಗಿತ್ತಷ್ಟೆ, ವಾರಂಟಿ ಇರಬೇಕಲ್ವಾ? ಬಿಲ್ ಎಲ್ಲಿ ಅಂತ ನಾನು ಗಾಡಿಯ ಡ್ಯಾಶ್‌ಬೋರ್ಡೆಲ್ಲ ಹುಡುಕಿದೆ. ಹೆಂಡತಿ ಬಿಸ್ಕತ್ತಿನ ಡಬ್ಬಿಯಿಂದ ತೆಗೆದು ಕೊಟ್ಟಳು. ಬಿಲ್ಲಿನಲ್ಲಿ ಟಯರಿನ ಸೀರಿಯಲ್ ನಂಬರ್ ಇರಲಿಲ್ಲ. ಅದಕ್ಕೇ ಮೊದಲ ತಕರಾರು. ಹೇಗೋ ಒಪ್ಪಿಸಿ ಟಯರ್ ಬಿಚ್ಚಿ ಕೊಟ್ಟು ಬಂದೆ. ನೋಡುವ ಇಂಜಿನಿಯರ್ ವಾರಕ್ಕೆ ಒಂದೇ ದಿನ ಬರುವುದು. ಆ ವಾರ ಮಳೆಗೆ ಅವರು ಬರಲಿಲ್ಲ. ಮತ್ತೊಂದು ವಾರಕ್ಕೆ ಉತ್ತರ ಬಂತು: ಗುಂಡಿಗೆ ಅಥವಾ ಕಲ್ಲಿಗೆ ಹೊಡೆದು ಒಳಗಿನ ನೂಲು ಕಡಿದದ್ದು, ತಯಾರಿಕೆಯ ದೋಷ ಅಲ್ಲ, ಕ್ಲೈಮ್ ಇಲ್ಲ. ಹತ್ತು ದಿನ ಕಾದದ್ದು ದಂಡ. ಕೋಪ ಬಂತು. ಆದರೆ ಟಯರಿನ ಒಳಮೈಯನ್ನು ತೋರಿಸಿದಾಗ ಸುಮ್ಮನಾದೆ. ಬೆರಳಿನಷ್ಟು ಉದ್ದದ ಗೀರು ಅಲ್ಲೇ ಕಾಣುತ್ತಿತ್ತು. ದೋಷ ಒಪ್ಪಿಕೊಂಡಿದ್ದರೂ ಪೂರ್ತಿ ಹಣ ಬರುತ್ತಿರಲಿಲ್ಲ. ಎಷ್ಟು ಗೆರೆ ಉಳಿದಿದೆಯೋ ಅಷ್ಟಕ್ಕೆ ಲೆಕ್ಕ. ನನ್ನ ಸವೆದ ಟಯರಿಗೆ ಏನು ಸಿಗುತ್ತಿತ್ತೋ ದೇವರಿಗೇ ಗೊತ್ತು. ಕ್ಲೈಮ್ ಹಾಕುವವರು ಹಾಕಿ. ಆದರೆ ಅದನ್ನು ನಂಬಿ ದಿನ ಕಳೆಯಬೇಡಿ.

ಇನ್ನು ಹೊಸ ಟಯರ್. ನನ್ನದು ಬೊಲೆರೊ ಪಿಕಪ್, ಟಯರ್ ಸೈಜ್ 215/75 ಆರ್ 15. ಭಾವನ ಹತ್ತಿರ ಬೊಲೆರೊ ಜೀಪ್ ಉಂಟು. ಅವನ ಫೋನ್ ಬಂತು. "ಭಾವ, ನಂದೂ ಅದೇ ಸೈಜ್. ಬೈಪಾಸಿನ ಅಂಗಡಿಯಲ್ಲಿ 5,600ಕ್ಕೆ ಕೊಡ್ತಾರೆ. ಸುಮ್ನೆ ಎಂತಕ್ಕೆ ಅಲೆಯೋದು?"

ಅಂಗಡಿಗೆ ಹೋದೆ. ಒಳ್ಳೆಯ ಕಂಪನಿಯ ಟಯರೇ. ಸೈಜ್ ಓದಿದೆ, ಸರಿಯಾಗಿಯೇ ಇತ್ತು. ನಾಲ್ಕಕ್ಕೆ 22,400. ಅಡ್ವಾನ್ಸ್ ಕೊಡಲು ಪರ್ಸಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಬಿದ್ದಿದ್ದ ನನ್ನ ಹಳೆಯ ಟಯರಿನ ಮೇಲೆ ಕಣ್ಣು ಹೋಯಿತು. ಅದರಲ್ಲಿ ಸೈಜಿನ ಜೊತೆ ಎಲ್‌ಟಿ ಅಂತ ಇತ್ತು, ಮುಂದೆ 106/103, ಆಮೇಲೆ 8 ಪಿಆರ್. ಹೊಸತರಲ್ಲಿ ಬರೇ 100 ಎಸ್. "ಇದೆಂತ ಅಣ್ಣ, ಈ ನಂಬರ್ ಬೇರೆ ಉಂಟಲ್ಲ?" ಅಂತ ಕೇಳಿದೆ. ಕೌಂಟರಿನ ಹುಡುಗ "ಅದೆಲ್ಲ ಕಂಪನಿಯವರ ಕೋಡ್, ನೀವು ತಲೆಬಿಸಿ ಮಾಡ್ಬೇಡಿ" ಅಂದ.

ನನಗೆ ತಲೆಬಿಸಿ ಶುರುವಾದದ್ದೇ ಆಗ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಂದೆ. ಕಾಕನ ಅಂಗಡಿಯಲ್ಲಿ ಕೂತು ಒಂದೊಂದೇ ಬಿಡಿಸಿ ಕೇಳಿದೆ.

ಕಾಕ ಹೇಳಿದ್ದು, ಆಮೇಲೆ ನಾನೂ ಓದಿ ಖಚಿತ ಮಾಡಿಕೊಂಡದ್ದು ಇಷ್ಟು. 215 ಅಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 75 ಅಂದರೆ ಆ ಅಗಲದ ನೂರಕ್ಕೆ 75ರಷ್ಟು ಬದಿಯ ಎತ್ತರ. ಆರ್ ಅಂದರೆ ರೇಡಿಯಲ್. 15 ಇಂಚು ರಿಮ್ಮಿನದ್ದು. ಇಷ್ಟೂ ಜೀಪಿಗೂ ಪಿಕಪ್ಪಿಗೂ ಒಂದೇ. ಎಲ್‌ಟಿ ಅಂದರೆ ಲೈಟ್ ಟ್ರಕ್, ಸಣ್ಣ ಸರಕಿನ ಗಾಡಿಯದ್ದು. ಪಿಆರ್ ಅಂದರೆ ಪ್ಲೈ ರೇಟಿಂಗ್, ಟಯರಿನ ಗಟ್ಟಿತನದ ಅಳತೆ. ಸೈಜಿನ ನಂತರ ಬರುವ 100, 106ರಂಥ ನಂಬರೇ ಭಾರದ್ದು. 100 ಅಂದರೆ ಒಂದು ಟಯರ್ ಹೊರುವುದು 800 ಕಿಲೋ. 106 ಅಂದರೆ 950 ಕಿಲೋ. ಎರಡು ನಂಬರ್ ಇದ್ದರೆ ಎರಡನೆಯದ್ದು ಜೋಡಿ ಚಕ್ರ ಹಾಕಿದಾಗಿನದ್ದು. ನಮ್ಮಂಥ ಒಂಟಿ ಚಕ್ರದ ಗಾಡಿಗೆ ಮೊದಲನೆಯದ್ದನ್ನು ನೋಡಬೇಕು. ಕೊನೆಯ ಅಕ್ಷರ ವೇಗದ್ದು. ಎಸ್ ಅಂದರೆ ಗಂಟೆಗೆ 180, ಕ್ಯೂ ಅಂದರೆ 160. ಮೀನಿನ ಗಾಡಿಗೆ ಅದರ ಚಿಂತೆ ಬೇಡ.

ಈಗ ಲೆಕ್ಕ ಹಾಕಿ. ಹಿಂದೆ ಎರಡು ಟಯರ್. ಜೀಪಿನ ಟಯರ್ ಹಾಕಿದರೆ 1,600 ಕಿಲೋ, ಲೋಡಿನ ಟಯರ್ ಹಾಕಿದರೆ 1,900. ನನ್ನ ಗಾಡಿಯ ಬಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ಆರ್‌ಟಿಒ ದಾಖಲೆಯ ಪ್ರತಿ, ತೆಗೆದು ನೋಡಿದೆ. ಹಿಂದಿನ ಆಕ್ಸಲ್‌ಗೆ ಬರೆದ ತೂಕವೇ 1,600ಕ್ಕಿಂತ ಮೇಲೆ ಇತ್ತು. ಅಂದರೆ ಕಾನೂನು ಪ್ರಕಾರ ಲೋಡ್ ಹಾಕಿದರೂ ಆ ಟಯರಿಗೆ ಜಾಸ್ತಿಯೇ. ಇನ್ನು ಕೊನೆಯ ಟ್ರಿಪ್ಪಿನಂತೆ ಏರಿಸಿದರೆ? ಜೀಪಿನಲ್ಲಿ ಭಾವನ ಮನೆಯವರು ಏಳು ಜನ ಕೂತು ಕೊಲ್ಲೂರಿಗೆ ಹೋಗಲು ಆ ಟಯರ್ ಬಹಳ ಒಳ್ಳೆಯದು. ಐಸು, ಮೀನು ಹೊತ್ತು ಘಾಟಿ ಹತ್ತಲು ಅಲ್ಲ.

ಕಾಕ ಇನ್ನೊಂದು ಗುರುತು ಹೇಳಿಕೊಟ್ಟರು. ಟಯರಿನ ಮೇಲೆ ಐಎಸ್‌ಐ ಮಾರ್ಕ್ ಇರಲೇಬೇಕು. ಅದರ ಜೊತೆ ಒಂದು ನಂಬರ್ ಇರುತ್ತದೆ. ಕಾರು, ಜೀಪಿನ ಟಯರ್ ಆದರೆ 15633. ಸರಕಿನ ಗಾಡಿಯದ್ದಾದರೆ 15636. ಭಾರದ ನಂಬರ್ ಮರೆತುಹೋದರೂ ಈ ಕೊನೆಯ ಅಂಕಿ ನೆನಪಿಟ್ಟುಕೊಂಡರೆ ಸಾಕು: ಮೂರು ಜನರಿಗೆ, ಆರು ಸಾಮಾನಿಗೆ. ಹೀಗೆ ನಾನೇ ಮಾಡಿಕೊಂಡದ್ದು.

ಫೋಟೋ ದೊಡ್ಡದು ಮಾಡಿ ನೋಡುವಾಗ ಮತ್ತೊಂದು ಸಿಕ್ಕಿತು. ಬದಿಯಲ್ಲಿ ಉದ್ದದ ಕೋಡಿನ ಕೊನೆಗೆ 2822 ಅಂತ ಇತ್ತು. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2022ರ 28ನೇ ವಾರ ತಯಾರಾದ ಟಯರ್. ನಾಲ್ಕು ವರ್ಷದಿಂದ ಗೋದಾಮಿನಲ್ಲಿ ಕೂತದ್ದು. 5,600 ಯಾಕೆ ಅಂತ ಆಗ ಅರ್ಥವಾಯಿತು.

ಮರುದಿನ ಬೇರೆ ಅಂಗಡಿ ಹುಡುಕಿದೆ. ಉಡುಪಿಯಲ್ಲಿ ಎರಡು, ಮಂಗಳೂರಿನ ಪಂಪ್‌ವೆಲ್ ಕಡೆ ಒಂದು. ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ ಎಲ್ಲದರ ರೇಟು ಬರೆದುಕೊಂಡೆ. ಲೋಡಿನ ಟಯರ್ ಅಂದಕೂಡಲೇ ಒಂದಕ್ಕೆ 7,000ದಿಂದ ಮೇಲೆ. ನನಗೆ ಕೊನೆಗೆ 7,600ಕ್ಕೆ ಕುದುರಿತು. 2025ರ ಸೆಪ್ಟೆಂಬರ್ 22ರಿಂದ ಟಯರಿನ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ. ಅದಕ್ಕಿಂತ ಹಿಂದಿನ ರೇಟು ಹೇಳುವವರು ಸಿಕ್ಕಿದರೆ ಬಿಲ್ಲಿನಲ್ಲಿ ತೆರಿಗೆ ಬೇರೆಯಾಗಿ ತೋರಿಸಲು ಕೇಳಿ.

ಯಾವ ಬಟನ್, ಅಂದರೆ ಟಯರಿನ ಮೇಲ್ಮೈಯ ಅಚ್ಚು ಯಾವುದು ಅನ್ನುವುದಕ್ಕೆ ಎರಡು ದಿನ ಹೋಯಿತು. ನಮ್ಮ ಸ್ಟ್ಯಾಂಡಿನಲ್ಲಿ ಈ ವಿಷಯ ತೆಗೆದರೆ ಸಾಕು, ಚಾ ತಣ್ಣಗಾಗುತ್ತದೆ. ಒಬ್ಬರು ಮುಂದೆ ಉದ್ದ ಗೆರೆಯದ್ದು, ಹಿಂದೆ ಕಚ್ಚು ಬಟನ್ ಹಾಕು ಅಂದರು. ಕೆಂಪು ಕಲ್ಲಿನ ಕೋರೆಗೆ ಹೋಗುವವರು ನಾಲ್ಕೂ ಕಚ್ಚು ಬಟನ್ನೇ ಸರಿ ಅಂದರು. ಕೆಸರು, ಮಣ್ಣಿನ ದಾರಿಯಲ್ಲಿ ಅದು ಹಿಡಿಯುತ್ತದೆ, ನಿಜ. ಆದರೆ ಡಾಂಬರಿನಲ್ಲಿ ಗುಯ್ ಅಂತ ಸದ್ದು, ಸವೆತವೂ ಜಾಸ್ತಿ. ನನ್ನ ದಾರಿ ಪೂರ್ತಿ ಡಾಂಬರು. ಬೇಕಾದದ್ದು ಮಳೆನೀರನ್ನು ಬೇಗ ಹೊರಗೆ ತಳ್ಳುವ ಅಗಲ ಗೆರೆಗಳು. ಜೊತೆಗೆ ನಾಲ್ಕೂ ಒಂದೇ ತರಹ ಇದ್ದರೆ ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನದ್ದನ್ನು ಹಿಂದೆ, ಹಿಂದಿನದ್ದನ್ನು ಮುಂದೆ ಹಾಕಿ ಸಮ ಸವೆಸಬಹುದು. ಹಾಗಾಗಿ ನಾಲ್ಕೂ ಉದ್ದ ಗೆರೆಯದ್ದು. ರಿಸೋಲ್ ಮಾಡಿಸು, ಅಂದರೆ ಸವೆದ ಟಯರಿನ ಮೇಲೆ ಹೊಸ ರಬ್ಬರು ಕೂರಿಸು, ಅರ್ಧ ಹಣದಲ್ಲಿ ಆಗುತ್ತದೆ ಅಂತಲೂ ಒಬ್ಬರು ಹೇಳಿದರು. ನಾನು ಆ ಸೋಮೇಶ್ವರದ ರಾತ್ರಿ ನೆನೆಸಿಕೊಂಡು ಬೇಡ ಅಂದೆ.

ಜೂನ್ 16ಕ್ಕೆ ಆರ್ಡರ್. ಸ್ಟಾಕ್ ಇಲ್ಲ, ಮಂಗಳೂರಿನಿಂದ ಬರಬೇಕು, ಎರಡು ದಿನ ಅಂದರು. ನಾಲ್ಕು ದಿನ ಆಯಿತು. 20ರಂದು ಹೋಗಿ ನೋಡಿದರೆ ಎರಡು ಟಯರಿನಲ್ಲಿ 1126, ಇನ್ನೆರಡರಲ್ಲಿ 3824. ಒಂದೂವರೆ ವರ್ಷದ ವ್ಯತ್ಯಾಸ. ಅಂಗಡಿಯವರು "ಏನೂ ಆಗೂದಿಲ್ಲ ಅಣ್ಣ, ಸ್ಟಾಕ್ ಹಾಗೇ ಬರೂದು" ಅಂದರು. ಒಂದೂವರೆ ವರ್ಷಕ್ಕೆ ಟಯರ್ ಹಾಳಾಗುವುದಿಲ್ಲ ಅಂತ ನನಗೂ ಗೊತ್ತಿತ್ತು. ಆದರೆ ಹೊಸತಿನ ದುಡ್ಡು ಕೊಡುವಾಗ ಹಳತು ಯಾಕೆ? ಎರಡನ್ನು ವಾಪಸ್ ಕಳಿಸಿದೆ. ಇಷ್ಟು ದಿನ ಕಾದವನಿಗೆ ಇನ್ನೂ ಮೂರು ದಿನ. ಗಾಡಿ ಹೇಗೂ ರಜೆಯಲ್ಲಿತ್ತು, ಸೀಸನ್ನಿನ ಮಧ್ಯೆ ಆಗಿದ್ದರೆ ನಾನೂ ಬಾಯಿಮುಚ್ಚಿ ಹಾಕಿಸಿಕೊಳ್ಳುತ್ತಿದ್ದೆ. ಆದ್ದರಿಂದ ನಮ್ಮ ಕಸುಬಿನವರು ಟಯರ್ ಬದಲಿಸುವುದಿದ್ದರೆ ಜೂನ್ ತಿಂಗಳೇ ಒಳ್ಳೆಯದು.

23ರಂದು ಟಯರ್ ಏರಿತು ಅಂದುಕೊಂಡೆ. ಹಳೆಯ ಟಯರ್ ಬಿಚ್ಚಿದಾಗ ಹಿಂದಿನ ಎರಡು ರಿಮ್ಮಿನ ಅಂಚು ಪೂರ್ತಿ ತುಕ್ಕು. ಪದರ ಪದರ ಎದ್ದಿತ್ತು. ಟ್ಯೂಬ್‌ಲೆಸ್ ಟಯರ್ ಗಾಳಿ ಹಿಡಿಯುವುದು ಆ ಅಂಚಿಗೆ ಕೂತೇ. ಅಲ್ಲಿ ತುಕ್ಕಿದ್ದರೆ ಪಂಚರ್ ಇಲ್ಲದೆಯೂ ದಿನಾ ಸ್ವಲ್ಪ ಸ್ವಲ್ಪ ಗಾಳಿ ಇಳಿಯುತ್ತದೆ. ಹೋದ ವರ್ಷ ಪೂರ್ತಿ ಹಿಂದಿನ ಎಡ ಟಯರಿಗೆ ಎರಡು ದಿನಕ್ಕೊಮ್ಮೆ ಗಾಳಿ ಹೊಡೆಸುತ್ತಿದ್ದೆ. ಕಾರಣ ಇದು. ಗಾಳಿ ಕಡಿಮೆ ಇದ್ದ ಟಯರ್ ಗುಂಡಿಗೆ ಬಿದ್ದರೆ ರಿಮ್ಮಿನ ಅಂಚು ನೂಲನ್ನು ಜಜ್ಜುತ್ತದೆ. ಉಬ್ಬಿಗೆ ನಾನು ರಸ್ತೆಯನ್ನು ಬೈದದ್ದೇ ಬೈದದ್ದು. ಅರ್ಧ ತಪ್ಪು ನನ್ನ ಮೀನಿನ ನೀರಿನದ್ದು. ತಂತಿ ಬ್ರಷ್, ಎಮರಿ ಹಾಕಿ ಉಜ್ಜಿ, ಪೇಂಟ್ ಹೊಡೆದು ಒಣಗುವಾಗ ಸಂಜೆ. ಮಳೆಗಾಲದಲ್ಲಿ ಪೇಂಟ್ ಒಣಗುವುದು ಗೊತ್ತಲ್ಲ. ಕೆಲಸ ಮರುದಿನಕ್ಕೆ ಹೋಯಿತು. ಹೊಸ ಟಯರಿಗೆ ಹೊಸ ವಾಲ್ವ್ ಹಾಕಿಸಿಬಿಡಿ. 60 ರೂಪಾಯಿ ಉಳಿಸಲು ಹೋಗಬೇಡಿ.

24ರಂದು ಚಕ್ರಗಳ ನೇರ ಸರಿಮಾಡುವ ಅಲೈನ್‌ಮೆಂಟಿಗೆ ಏರಿಸಿದರೆ ಹುಡುಗ ಮುಂದಿನ ಚಕ್ರ ಹಿಡಿದು ಅಲ್ಲಾಡಿಸಿ ಗಾಡಿ ಇಳಿಸಿಬಿಟ್ಟ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕೀಲು, ಟೈರಾಡ್ ಎಂಡ್, ಎರಡೂ ಸಡಿಲ. "ಇದನ್ನು ಬದಲಿಸದೆ ಅಲೈನ್‌ಮೆಂಟ್ ಮಾಡಿದ್ರೆ ನಾಳೆಯೇ ತಪ್ಪುತ್ತೆ" ಅಂದ. ಮುಂದಿನ ಟಯರಿನ ಹೊರ ಅಂಚು ಬೋಳಾದದ್ದು ಇದರಿಂದಲೇ. ಕಾಕ ತಲೆ ಅಲ್ಲಾಡಿಸಿದ್ದು ನೆನಪಾಯಿತು. ನಿಮ್ಮ ಟಯರ್ ಒಂದೇ ಬದಿ ಸವೆದಿದ್ದರೆ ಹೊಸತು ಹಾಕುವ ಮೊದಲೇ ಮೆಕ್ಯಾನಿಕ್‌ಗೆ ತೋರಿಸಿ. ಆ ಹುಡುಗ ಸುಮ್ಮನೆ ಮೆಷಿನ್ ಹಾಕಿ ಹಣ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ಅದು ಹೇಳಲೇಬೇಕಾದ ಮಾತು.

ಸ್ಟೆಪ್ನಿ ಇಳಿಸಲು ಒಂದು ಗಂಟೆ, ಗ್ಯಾಸ್ ಕಟ್ಟರ್. ಇಳಿದ ಮೇಲೆ ನೋಡಿದರೆ ಗಾಡಿಯ ಜೊತೆ ಬಂದ ಟಯರೇ, ಒಮ್ಮೆಯೂ ರಸ್ತೆ ಕಂಡಿಲ್ಲ, ಆದರೆ ಬದಿಯೆಲ್ಲ ಬಿರುಕು. ಹಳೆಯ ನಾಲ್ಕರಲ್ಲಿ ಇದ್ದುದರಲ್ಲಿ ವಾಸಿಯಾದ ಒಂದನ್ನು ಸ್ಟೆಪ್ನಿ ಮಾಡಿದೆ. ಚೈನು ಹೊಸತು ಹಾಕಿಸಿ ಗ್ರೀಸ್ ಬಳಿದೆ. ಈಗ ತಿಂಗಳಿಗೊಮ್ಮೆ ಇಳಿಸಿ ಏರಿಸುವುದು ಅಂತ ತೀರ್ಮಾನ. ಎಷ್ಟು ತಿಂಗಳು ನಡೆಯುತ್ತದೋ ನೋಡಬೇಕು.

ದುಡ್ಡಿನ ಲೆಕ್ಕ ಕೇಳುವವರಿಗೆ: ಟಯರ್ ನಾಲ್ಕಕ್ಕೆ 30,400. ಅಲೈನ್‌ಮೆಂಟ್ 500, ಬ್ಯಾಲೆನ್ಸಿಂಗ್ 400, ವಾಲ್ವ್ 240, ಎರಡು ರಿಮ್ಮಿನ ಉಜ್ಜುವಿಕೆ ಮತ್ತು ಪೇಂಟಿಗೆ 500. ಟೈರಾಡ್ ಎಂಡ್ ಕೂಲಿ ಸೇರಿ 1,400, ಸ್ಟೆಪ್ನಿ ಚೈನಿಗೆ 650. ಹಳೆಯ ಎರಡು ಟಯರಿಗೆ 800 ಕಳೆದರು. ಒಟ್ಟು 33,290. ಭಾವ ಹೇಳಿದ 22,400 ಮನಸ್ಸಿನಲ್ಲಿಟ್ಟುಕೊಂಡು ಹೊರಟವನು ನಾನು. ಟಯರಿನ ರೇಟಿನ ಮೇಲೆ ಮೂರು ನಾಲ್ಕು ಸಾವಿರ ಕೈಯಲ್ಲಿ ಇಟ್ಟುಕೊಂಡೇ ಹೋಗಿ.

ಬಿಲ್ಲಿನಲ್ಲಿ ಈ ಸಲ ನಾಲ್ಕೂ ಸೀರಿಯಲ್ ನಂಬರ್ ನಿಂತು ಬರೆಸಿದೆ. ಬಿಸ್ಕತ್ತಿನ ಡಬ್ಬಿಗೆ ಹೋಗುವ ಮೊದಲು ಮೊಬೈಲಿನಲ್ಲೂ ಫೋಟೋ ತೆಗೆದೆ. ಐವತ್ತು ಕಿಲೋಮೀಟರ್ ಓಡಿಸಿ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿದೆ. ಎರಡು ನಟ್ಟು ಸ್ವಲ್ಪ ತಿರುಗಿದವು ಕೂಡ. ಹೊಸ ಟಯರಿನ ಮೈಮೇಲೆ ಅಚ್ಚಿನ ಜಿಡ್ಡು ಇರುತ್ತದೆ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಮಳೆಯಲ್ಲಿ ಜೋರು ಬ್ರೇಕ್ ಬೇಡ. ಗಾಳಿಗೆ ಅಂದಾಜು ಬೇಡ. ಡ್ರೈವರ್ ಬಾಗಿಲಿನ ಹತ್ತಿರದ ಸ್ಟಿಕ್ಕರಿನಲ್ಲಿ ಖಾಲಿಗೆ ಎಷ್ಟು, ಲೋಡಿಗೆ ಎಷ್ಟು ಅಂತ ಬರೆದಿರುತ್ತದೆ. ನನ್ನ ಟಯರಿನ ಮೇಲೆ 65 ಪೌಂಡ್ ಅಂತ ಇದೆ, ಅದು ತಡೆಯುವ ಮಿತಿ. ದಿನಾ ಅಷ್ಟು ಹೊಡೆಸಬೇಕು ಅಂತಲ್ಲ. ಬೆಳಿಗ್ಗೆ ಟಯರ್ ತಣ್ಣಗಿರುವಾಗಲೇ ನೋಡಿಸಬೇಕು.

ಎಫ್‌ಸಿಯ ದಿನ ಇನ್‌ಸ್ಪೆಕ್ಟರ್ ಟಯರಿನ ಕಡೆ ಒಂದು ಸಲ ನೋಡಿ ಮುಂದೆ ಹೋದರು, ಅಷ್ಟೇ. ಮೂರು ವಾರ ಒದ್ದಾಡಿದ್ದಕ್ಕೆ ಸ್ವಲ್ಪ ಹೊತ್ತಾದರೂ ನೋಡಬಾರದಿತ್ತಾ ಅನ್ನಿಸಿತು. ಹಾರ್ನ್ ಕೆಲಸ ಮಾಡುತ್ತದಾ ಅಂತ ಮಾತ್ರ ಎರಡು ಸಲ ಕೇಳಿದರು.

ಉಬ್ಬಿದ ಟಯರನ್ನು ಅಂಗಡಿಯವರು ಬೇಡ ಅಂದರು. ಗೆಳೆಯನೊಬ್ಬನ ಬೋಟು ಈಗ ಮಲ್ಪೆಯಲ್ಲಿ ದಡಕ್ಕೆ ಕಟ್ಟಿಕೊಂಡಿದೆ. ಪಕ್ಕದ ಬೋಟು ತಾಗಿ ಮರ ಉಜ್ಜದಂತೆ ಅದರ ಬದಿಗೆ ಹಳೆಯ ಟಯರ್ ತೂಗು ಹಾಕುತ್ತಾರಲ್ಲ, ಅಲ್ಲಿ ಅದಕ್ಕೆ ಕೆಲಸ ಸಿಕ್ಕಿತು. ಮೊನ್ನೆ ನೋಡಿ ಬಂದೆ, ಉಬ್ಬು ಹೊರಗಡೆಗೇ ಕಾಣುವಂತೆ ಕಟ್ಟಿದ್ದಾನೆ.